ಪದ ಪರಿಚಯ: ಸ್ಕ್ರ್ಯಾಚ್ ಬಿಲ್ಡ್

"ಸ್ಕ್ರ್ಯಾಚ್ ಬಿಲ್ಡ್ ಮಾಡ್ಲತ್ತೀನಿ ಕಾಕಾ" ಅಂದೆ. ಪಕ್ಕದ ಮನೆಯ ಕಾಕಾ ಕನ್ನಡಕ ಏರಿಸಿಕೊಂಡು, ಟೇಬಲ್ ಮೇಲಿದ್ದ ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡ ಕಾರನ್ನು ಎತ್ತಿ, ನಾಲ್ಕೂ ಕಡೆ ತಿರುಗಿಸಿ ನೋಡಿದರು. "ಎಲ್ಲಿ ಬಿದ್ದದ ಸ್ಕ್ರ್ಯಾಚು? ಕಾಣವಲ್ದು."

ತಪ್ಪು ಅವರದಲ್ಲ. ಕಲಬುರಗಿಯಲ್ಲಿ ಸ್ಕ್ರ್ಯಾಚ್ ಅಂದರೆ ಗಾಡಿಗೆ ಬೀಳೋ ಗೀರು. ಮೊಬೈಲ್ ಗ್ಲಾಸಿಗೆ ಬೀಳೋದು. ಹಳೇ ಕಾಲದ ರೀಚಾರ್ಜ್ ಕಾರ್ಡಿನ ಬೆಳ್ಳಿ ಪಟ್ಟಿಯನ್ನು ನಾಣ್ಯದಿಂದ ಉಜ್ಜೋದು. ಅದಕ್ಕೂ ಕಾರಿನ ಮಾದರಿ ಕಟ್ಟುವುದಕ್ಕೂ ಏನು ಸಂಬಂಧ?

ಸಂಬಂಧ ಇರೋದು ಓಟದ ಪಂದ್ಯದಲ್ಲಿ. ಹಿಂದೆ ಇಂಗ್ಲಿಷರು ಓಟ ಶುರುವಾಗುವ ಜಾಗದಲ್ಲಿ ನೆಲದ ಮೇಲೆ ಗೆರೆ ಗೀರುತ್ತಿದ್ದರು. ಆ ಗೀರಿನ ಹೆಸರೇ ಸ್ಕ್ರ್ಯಾಚ್. ಕೆಲವು ಪಂದ್ಯಗಳಲ್ಲಿ ಸಣ್ಣವರಿಗೆ, ನಿಧಾನದವರಿಗೆ ನಾಲ್ಕು ಹೆಜ್ಜೆ ಮುಂದೆ ನಿಲ್ಲುವ ರಿಯಾಯಿತಿ ಸಿಗುತ್ತಿತ್ತು. ಯಾವ ರಿಯಾಯಿತಿಯೂ ಇಲ್ಲದವನು ಗೆರೆಯಿಂದಲೇ ಓಡಬೇಕು. ಅಲ್ಲಿಂದ ಬಂದದ್ದು 'ಫ್ರಮ್ ಸ್ಕ್ರ್ಯಾಚ್' ಅನ್ನುವ ಮಾತು. ಮುಂಗಡ ಏನೂ ಇಲ್ಲದೆ, ಗೆರೆಯಿಂದ ಶುರು. ನಾವು ಓಣಿಯಲ್ಲಿ ಚಪ್ಪಲಿ ತುದಿಯಿಂದ ಗೆರೆ ಎಳೆದು ಓಡುತ್ತಿದ್ದೆವಲ್ಲ, ಅದೇ ಗೆರೆ.

ರಿಮೋಟಿನಿಂದ ಓಡುವ ಕಾರಿನ ಮಾದರಿ ಕಟ್ಟುವವರಿಗೆ ಈ ಮುಂಗಡ ಅಂದರೆ ಕಿಟ್. ಡಬ್ಬಿ ತೆರೆದರೆ ಬಾಡಿ, ಚಾಸಿ, ಗೇರ್, ಸ್ಕ್ರೂ ಎಲ್ಲ ಇರುತ್ತದೆ, ಜೊತೆಗೆ ಚಿತ್ರದ ಪುಸ್ತಕ. ಜೋಡಿಸುತ್ತಾ ಹೋದರೆ ಆಯಿತು. ಅದು ಸಣ್ಣ ಕೆಲಸ ಅಂತ ನಾನು ಹೇಳೋದಿಲ್ಲ. ನನ್ನ ಮೊದಲ ಕಿಟ್‌ನ ಡಿಫರೆನ್ಶಿಯಲ್, ಅಂದರೆ ತಿರುವಿನಲ್ಲಿ ಎಡಬಲ ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ, ನಾಲ್ಕು ಸಲ ಬಿಚ್ಚಿ ಕಟ್ಟಿದವನು ನಾನು. ಆದರೆ ಅಳತೆಯ ತಲೆನೋವನ್ನು ಕಂಪನಿಯ ಯಾರೋ ಮೊದಲೇ ಅನುಭವಿಸಿ ಮುಗಿಸಿರುತ್ತಾರೆ. ಸ್ಕ್ರ್ಯಾಚ್ ಬಿಲ್ಡ್‌ನಲ್ಲಿ ಆ ತಲೆನೋವು ನಮ್ಮದೇ. ಹಾಗಾಗಿ ಇದನ್ನು 'ಕೈಯಾರೆ ಮಾಡಿದ್ದು' ಅಂತ ಕನ್ನಡಿಸಿದರೆ ಸರಿಹೋಗುವುದಿಲ್ಲ. ಕಿಟ್ ಕಟ್ಟುವುದೂ ಕೈಯಿಂದಲೇ ಅಲ್ವಾ? 'ಬುಡದಿಂದ ಕಟ್ಟಿದ್ದು' ಅಂದರೆ ಹತ್ತಿರ ಬರುತ್ತದೆ.

ನಾನು ಬುಡದಿಂದ ಕಟ್ಟಲು ಹೊರಟದ್ದು ಮಿನಿ ಕೂಪರ್ ಎಸ್. 1964ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಕಾರು. ಕೆಂಪು ಬಾಡಿ, ಬಿಳಿ ಟಾಪ್, ಬಾಗಿಲ ಮೇಲೆ 37ನೇ ನಂಬರ್, ನಂಬರ್ ಪ್ಲೇಟಿನಲ್ಲಿ 33 ಇಜೆಬಿ. ಆಗ ಆ ರ‍್ಯಾಲಿಗೆ ಬೇರೆ ಬೇರೆ ಊರುಗಳಿಂದ ಹೊರಟು ಬಂದು ಸೇರಬೇಕಿತ್ತು. ಕಾರು ಓಡಿಸಿದ ಪ್ಯಾಡಿ ಹಾಪ್‌ಕಿರ್ಕ್ ಮತ್ತು ಪಕ್ಕ ಕೂತು ದಾರಿ ಹೇಳಿದ ಹೆನ್ರಿ ಲಿಡನ್ ಹೊರಟದ್ದು ದೂರದ ಮಿನ್ಸ್ಕ್‌ನಿಂದ. 1071 ಸಿಸಿ ಎಂಜಿನ್, ಹತ್ತು ಇಂಚಿನ ಗಾಲಿ. ಅಂಥ ಗುಬ್ಬಿಯಂಥ ಕಾರು ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕಿತು. 1965ರಲ್ಲಿ ಮತ್ತೆ ಮಿನಿ ಗೆದ್ದಿತು, 1967ರಲ್ಲೂ ಗೆದ್ದಿತು. ನಡುವಿನ 1966ರಲ್ಲಿ ಮೊದಲ ಮೂರೂ ಜಾಗ ಹಿಡಿದಿತ್ತು, ಆದರೆ ಹೆಡ್‌ಲೈಟ್ ನಿಯಮದ ನೆಪದಲ್ಲಿ ಹೊರಗೆ ಹಾಕಿದರು. ಲೈಟಿಗಾಗಿ ಸೋತ ಕಾರು ಅಂತ ಕಾಕಾನಿಗೆ ಹೇಳಿದರೆ, "ನಮ್ಮ ಆರ್‌ಟಿಓದವ್ರು ಅಲ್ಲೂ ಇದ್ರೇನು?" ಅಂದರು.

ಮಿನಿಯನ್ನು ಆರಿಸಲು ಇನ್ನೊಂದು ಸ್ವಾರ್ಥದ ಕಾರಣ ಇತ್ತು. ಅದು ಹೆಚ್ಚುಕಡಿಮೆ ಡಬ್ಬಿ. ಚಪ್ಪಟೆ ಹಾಳೆ ಬಾಗಿಸಿ ಮಾಡಬಹುದು ಅಂದುಕೊಂಡೆ.

ಕೆಲಸ ಶುರುವಾಗೋದು ಗಣಿತದಿಂದ. ಅಸಲಿ ಕಾರಿನ ಉದ್ದ 3054 ಮಿ.ಮೀ., ಅಗಲ 1397, ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ, ಅಂದರೆ ವೀಲ್‌ಬೇಸ್, 2036. 1:10 ಸ್ಕೇಲ್ ಅಂದರೆ ಎಲ್ಲವನ್ನೂ ಹತ್ತರಿಂದ ಭಾಗಿಸೋದು. 305, 140, 204. ಇಷ್ಟು ಮೂರನೇ ಕ್ಲಾಸಿನ ಲೆಕ್ಕ. ತೊಂದರೆ ಆಮೇಲೆ ಬರುತ್ತದೆ. ಕಿಟಕಿಯ ಕೆಳಗಿನ ಅಂಚು ನೆಲದಿಂದ ಎಷ್ಟು ಎತ್ತರ? ಬಾನೆಟ್ ಎಲ್ಲಿಂದ ಬಾಗುತ್ತದೆ? ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಫೋಟೋದಿಂದ ಅಳೆಯಬೇಕು. ಪಕ್ಕದಿಂದ ತೆಗೆದ ಫೋಟೋದಲ್ಲಿ ವೀಲ್‌ಬೇಸ್ ಎಷ್ಟು ಬಂದಿದೆ ನೋಡಿ, ಅದನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನು ಲೆಕ್ಕ ಹಾಕೋದು.

ನಾನು ಇಲ್ಲೇ ಮುಗ್ಗರಿಸಿದೆ. ಮೊದಲ ಬಾಡಿ ಯಾಕೋ ತಲೆ ಒತ್ತಿ ಕೂರಿಸಿದ ಹಾಗೆ ಕಾಣುತ್ತಿತ್ತು. ಎರಡು ದಿನ ಬೇಕಾಯಿತು ಗೊತ್ತಾಗಲು. ಮಿನಿಯ ಟಾಪ್ ಕೆಳಗಿನ ಬಾಡಿಗಿಂತ ಕಿರಿದು, ಕಿಟಕಿಗಳು ಒಳಕ್ಕೆ ವಾಲಿವೆ. ಹಾಗಾಗಿ ಫೋಟೋದಲ್ಲಿ ಗಾಲಿ ಕ್ಯಾಮೆರಾಗೆ ಹತ್ತಿರ, ಟಾಪ್ ಸ್ವಲ್ಪ ದೂರ. ದೂರದ್ದು ಚಿಕ್ಕದಾಗಿ ಕಾಣುತ್ತದೆ. ಗಾಲಿಯ ಅಳತೆಗೋಲಿನಿಂದ ಟಾಪ್ ಅಳೆದರೆ ಅದು ಮೂರು ಮಿ.ಮೀ. ಕುಗ್ಗದೆ ಇನ್ನೇನಾಗುತ್ತದೆ! ಅಂದಿನಿಂದ ದೂರ ನಿಂತು ಜೂಮ್ ಮಾಡಿ ತೆಗೆದ ಫೋಟೋಗಳನ್ನೇ ನಂಬುತ್ತೇನೆ. ಅವುಗಳಲ್ಲಿ ಈ ಮೋಸ ಕಮ್ಮಿ.

ಸಾಮಾನು ಊರಲ್ಲೇ ಸಿಗುತ್ತದೆ, ಕಣ್ಣು ಬೇಕು ಅಷ್ಟೇ. ಒಳಗಿನ ಅಸ್ಥಿಪಂಜರಕ್ಕೆ ಸನ್‌ಬೋರ್ಡ್ ಅನ್ನುವ ಹಗುರ ಫೋಮ್ ಹಲಗೆ, ಸೂಪರ್ ಮಾರ್ಕೆಟ್ ಕಡೆಯ ಫ್ಲೆಕ್ಸ್ ಅಂಗಡಿಯಲ್ಲಿ ಉಳಿದ ತುಂಡುಗಳು. ಪುಟ್ಟಿ, ಪ್ರೈಮರ್, ನೀರು ಹಾಕಿ ಉಜ್ಜುವ ವಾಟರ್ ಪೇಪರ್, ಎಲ್ಲ ಡೆಂಟಿಂಗ್ ಪೇಂಟಿಂಗ್ ಮಾಡುವವರ ಹತ್ತಿರ. ಮೇಲಿನ ಚರ್ಮಕ್ಕೆ ಒಂದು ಮಿ.ಮೀ. ದಪ್ಪದ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ ಮಾತ್ರ ಹೊರಗಿನಿಂದ ತರಿಸಿದ್ದು. ಈ ಹಾಳೆಯನ್ನು ಪೂರ್ತಿ ಕತ್ತರಿಸಬೇಕಾಗಿಲ್ಲ. ಬ್ಲೇಡ್‌ನಿಂದ ಒಂದೆರಡು ಸಲ ಗೀರಿ ಬಾಗಿಸಿದರೆ ಗೀರಿನ ಮೇಲೆ ಟಕ್ ಅಂತ ಮುರಿಯುತ್ತದೆ. ಕಾಕಾ ಹುಡುಕಿದ ಸ್ಕ್ರ್ಯಾಚ್ ಕೊನೆಗೂ ಸಿಕ್ಕಿತು ನೋಡಿ! ಇದಕ್ಕೆ ಹಾಕುವ ಅಂಟು ನಿಜಕ್ಕೂ ಅಂಟಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಎರಡು ತುಂಡು ಕರಗಿ ಒಂದಾಗುತ್ತವೆ.

ಕಟ್ಟುವ ಜಾಗ ಪೂರ್ತಿ ಸಮ ಇರಬೇಕು, ಇಲ್ಲದಿದ್ದರೆ ಚಾಸಿ ಸೊಟ್ಟ ಆಗಿ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಬೇರೆ ಕಡೆಯವರು ಇದಕ್ಕೆ ದಪ್ಪ ಗಾಜು ಬಳಸುತ್ತಾರೆ. ನಮಗೆ ಗಾಜು ಯಾಕೆ? ಪಾಲಿಶ್ ಮಾಡಿದ ಒಂದು ಶಹಾಬಾದ್ ಫರ್ಸಿ ತಂದು ಟೇಬಲ್ ಮೇಲೆ ಹಾಕಿದ್ದೇನೆ. ಸ್ಟೀಲ್ ಸ್ಕೇಲನ್ನು ಅಡ್ಡ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟು, ಕೆಳಗೆ ಬೆಳಕು ಸೋರುವುದಿಲ್ಲ ಅಂತ ನೋಡಿಯೇ ಆರಿಸಿದ್ದು. ಅಂಗಡಿಯವನು ನನ್ನನ್ನು ಒಂಥರಾ ನೋಡಿದ.

ಬೇಸಿಗೆಯ ಬಗ್ಗೆ ಒಂದು ಮಾತು. ಮೇ ತಿಂಗಳಲ್ಲಿ ಪ್ರೈಮರ್ ಬೇಗ ಒಣಗಲಿ ಅಂತ ಬಾಡಿಯನ್ನು ಮಾಳಿಗೆ ಮೇಲಿನ ತಗಡಿನ ಡಬ್ಬಿಯಲ್ಲಿ ಇಟ್ಟು ಮಲಗಿದೆ. ಎದ್ದು ನೋಡಿದರೆ ಟಾಪ್ ರೊಟ್ಟಿಯ ಹಾಗೆ ಕುಸಿದಿತ್ತು. ಕಲಬುರಗಿ ಬಿಸಿಲಿಗೆ ಸ್ಟೈರೀನ್ ತಡೆಯುವುದಿಲ್ಲ, ಅದೂ ತಗಡಿನ ಒಳಗೆ. ಹೊಸ ಟಾಪ್ ಮಾಡಿದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಮೋಟರ್ ನೀನೇ ಮಾಡಿದ್ಯಾ? ಬ್ಯಾಟರಿ? ಇಲ್ಲ. ಮೋಟರ್, ಅದರ ವೇಗ ನೋಡಿಕೊಳ್ಳುವ ಇಎಸ್‌ಸಿ, 7.4 ವೋಲ್ಟಿನ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 2.4 ಗಿಗಾಹರ್ಟ್ಸ್ ರಿಮೋಟ್, ಸ್ಟೀರಿಂಗ್ ತಿರುಗಿಸುವ ಸರ್ವೊ, ಬೇರಿಂಗ್, ಎಲ್ಲ ಕೊಂಡದ್ದು. "ಮತ್ತ ಬುಡದಿಂದ ಅಂದ್ರೇನು ಬಂತು?" ಅನ್ನುತ್ತಾರೆ.

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಬೀದರ್‌ನಲ್ಲಿ, ಬಿದರಿ ಕೆಲಸ ಮಾಡುವವರ ಪಕ್ಕ ಕೂತಿದ್ದಾಗ. ಸತು ಜಾಸ್ತಿ, ತಾಮ್ರ ಸ್ವಲ್ಪ, ಎರಡನ್ನೂ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಉಳಿಯಿಂದ ಹೂಬಳ್ಳಿ ಕೆತ್ತಿ, ಆ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಲಾವಿದರು ಸತುವಿನ ಗಣಿ ತೋಡಿಲ್ಲ. ಹಾಗಂತ ಹೂಜಿಯನ್ನು ಅವರು ಮಾಡಿಲ್ಲ ಅಂತ ಯಾರಾದರೂ ಹೇಳುತ್ತಾರಾ? ಆಕಾರ ಎಲ್ಲಿ ಹುಟ್ಟಿತು ಅನ್ನೋದೇ ಲೆಕ್ಕ. ನನ್ನ ಪ್ರಕಾರ ಗೆರೆ ಬೀಳಬೇಕಾದ್ದು ಅಲ್ಲೇ. ಮಾರುಕಟ್ಟೆಯ ಮೋಟರಿಗೆ ಮಿನಿಯ ಆಕಾರ ಗೊತ್ತಿಲ್ಲ. ಅದನ್ನು ಯಾವ ಕಾರಿಗಾದರೂ ಹಾಕಬಹುದು.

ಅಲ್ಲಿಂದ ಒಂದು ಕಸುಬಿನ ಗುಟ್ಟನ್ನೂ ತಂದೆ. ಕೆತ್ತುವ ಮೊದಲು ಅವರು ಲೋಹಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಗೆರೆ ಎದ್ದು ಕಾಣಲಿ ಅಂತ. ನಾನೂ ಈಗ ಬಿಳಿ ಪ್ರೈಮರಿನ ಮೇಲೆ ತೆಳ್ಳಗೆ ಕಪ್ಪು ಸ್ಪ್ರೇ ಹೊಡೆದು 800ರ ವಾಟರ್ ಪೇಪರಿನಿಂದ ಉಜ್ಜುತ್ತೇನೆ. ಕಪ್ಪು ಎಲ್ಲಿ ಉಳಿಯಿತೋ ಅಲ್ಲಿ ತಗ್ಗು ಇದೆ ಅಂತ ಅರ್ಥ. ಕಾರಿನ ಪೇಂಟರ್‌ಗಳಿಗೂ ಇದು ಗೊತ್ತಿರುವುದೇ. ನನಗೆ ಅರ್ಥವಾಗಲು ಬೀದರ್‌ಗೆ ಹೋಗಬೇಕಾಯಿತು.

ಈ ಗೆರೆ ಎಲ್ಲಿ ಎಳೆಯಬೇಕು ಅನ್ನುವ ಜಗಳ ಮುಗಿಯುವಂಥದ್ದಲ್ಲ. ಎರಡು ಮೂರು ಕಿಟ್‌ಗಳ ಭಾಗ ಸೇರಿಸಿ ಬೇರೆಯದೇ ಕಾರು ಮಾಡಿದರೆ ಅದಕ್ಕೆ ಕಿಟ್ ಬ್ಯಾಶ್ ಅಂತ ಬೇರೆ ಹೆಸರಿದೆ. ಥ್ರೀಡಿ ಪ್ರಿಂಟ್ ಬಂದ ಮೇಲೆ ಇನ್ನೂ ಗೋಜಲು. ಅಳತೆ ತೆಗೆದು, ಕಂಪ್ಯೂಟರಿನಲ್ಲಿ ನೀವೇ ಚಿತ್ರ ಬರೆದು ಪ್ರಿಂಟ್ ತೆಗೆದರೆ ಅದು ಸ್ಕ್ರ್ಯಾಚ್ ಬಿಲ್ಡೇ. ಉಳಿಯ ಬದಲು ಮೌಸ್ ಹಿಡಿದಿರಿ, ಅಷ್ಟೇ. ಯಾರೋ ಮಾಡಿದ ಫೈಲ್ ಡೌನ್‌ಲೋಡ್ ಮಾಡಿ ಪ್ರಿಂಟ್ ಒತ್ತಿದರೆ ಅದು ಡಬ್ಬಿ ಇಲ್ಲದ ಕಿಟ್. ಇದಕ್ಕೆ ಸಿಟ್ಟಾಗುವವರು ಇದ್ದಾರೆ, ಆಗಲಿ.

ಸ್ಕೇಲ್ ಅನ್ನುವ ಪದವೂ ಪೂರ್ತಿ ಪ್ರಾಮಾಣಿಕವಲ್ಲ. ಅಸಲಿ ಕಾರಿನ ತಗಡು ಒಂದು ಮಿ.ಮೀ. ಆಸುಪಾಸು. ಹತ್ತರಿಂದ ಭಾಗಿಸಿದರೆ ಕಾಗದದಷ್ಟು ತೆಳು. ಅಷ್ಟು ತೆಳು ಮಾಡಿದರೆ ಮೊದಲ ಕಲ್ಲಿಗೇ ಕಥೆ ಮುಗಿಯಿತು. ಹಾಗಾಗಿ ಗಾಲಿಯ ಮೇಲಿನ ಕಮಾನಿನ ಅಂಚನ್ನು ಮಾತ್ರ ಒಳಗಿನಿಂದ ಕೆರೆದು ತೆಳು ಮಾಡುತ್ತೇವೆ. ಕಣ್ಣು ಅಂಚು ನೋಡಿ ಇಡೀ ಬಾಡಿಯೇ ತೆಳುವಿದೆ ಅಂತ ನಂಬುತ್ತದೆ. ಅಸಲಿ ಮಿನಿಯ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಇರಲಿಲ್ಲ, ರಬ್ಬರ್ ಕೋನ್ ಇತ್ತು. ನಾನು ಸುಮ್ನೆ ಸ್ಪ್ರಿಂಗ್ ಹಾಕಿದೆ, ಹೊರಗೆ ಕಾಣುವುದಿಲ್ಲ. ಮುಂದಿನ ಗಾಲಿ ಎಳೆಯುವುದನ್ನು ಮಾತ್ರ ಬಿಡಲಿಲ್ಲ. ಮುಂದಿನಿಂದ ಎಳೆಯದ ಮಿನಿ ಮಿನಿಯೇ ಅಲ್ಲ.

ಗಾಲಿಯಲ್ಲಿ ಅದೃಷ್ಟ ಕೈಹಿಡಿಯಿತು. 1:10ರ ರೇಸ್ ಕಾರುಗಳ ಸಾಮಾನ್ಯ ಟೈರ್ 63 ಮಿ.ಮೀ. ಆಸುಪಾಸು, ಮಿನಿಗೆ ಹಾಕಿದರೆ ಎತ್ತಿನ ಬಂಡಿ. ಅಸಲಿಯ ಹತ್ತು ಇಂಚಿನ ಗಾಲಿಯನ್ನು (ಟೈರ್ ಬಿಟ್ಟು ಒಳಗಿನ ರಿಮ್) ಹತ್ತರಿಂದ ಭಾಗಿಸಿದರೆ ಸರಿಯಾಗಿ ಒಂದು ಇಂಚು. ಕಲ್ಲು ಬಂಡೆ ಹತ್ತುವ 1:24ರ ಪುಟ್ಟ ಕ್ರಾಲರ್ ಗಾಡಿಗಳಿಗೆ ಒಂದು ಇಂಚಿನ ಗಾಲಿ ಬರುತ್ತದೆ! ಆ ಗಾಲಿಗಳನ್ನು ಡ್ರಿಲ್ ಮಶಿನ್‌ಗೆ ಸಿಕ್ಕಿಸಿ ತಿರುಗಿಸುತ್ತಾ ವಾಟರ್ ಪೇಪರ್ ಹಿಡಿದು ಟೈರಿನ ಗಡ್ಡೆಗಳನ್ನು ಸವೆಸಿದೆ. ಅಗಲ ಇನ್ನೂ ಸ್ವಲ್ಪ ಜಾಸ್ತಿಯೇ ಇದೆ. ಗೊತ್ತಿದ್ದವರು ಕಂಡುಹಿಡಿಯುತ್ತಾರೆ.

ಓಡಿಸಿದಾಗ ಇನ್ನೊಂದು ಸಂಗತಿ. ತೊಗರಿ ಕೊಯ್ದ ಹೊಲದ ಬದುವಿನಲ್ಲಿ ಬಿಟ್ಟರೆ ಕಾರು ಕಪ್ಪೆಯ ಹಾಗೆ ಪುಟಪುಟ ಹಾರುತ್ತದೆ, ಅಸಲಿ ಕಾರಿನ ಗಾಂಭೀರ್ಯ ಇಲ್ಲ. ಕಾರು ಚಿಕ್ಕದಾಗುತ್ತದೆ, ಭೂಮಿಯ ಸೆಳೆತ ಚಿಕ್ಕದಾಗುವುದಿಲ್ಲ. ಹತ್ತನೇ ಒಂದು ಎತ್ತರದಿಂದ ಬೀಳಲು ಹಿಡಿಯುವ ಹೊತ್ತು ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.2 ಪಟ್ಟು ಕಮ್ಮಿ. ಅದಕ್ಕೇ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಮೂರು ಪಟ್ಟು ನಿಧಾನ ಮಾಡಿ ನೋಡಬೇಕು. ಆಗ ಕರಿಮಣ್ಣಿನ ಧೂಳು ಎಬ್ಬಿಸುತ್ತಾ ತಿರುಗುವ ಕಾರು ತೂಕ ಇರುವ ಕಾರಿನ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ. ಎರೆಮಣ್ಣು ಗಾಲಿಗೆ ಮೆತ್ತಿದರೆ ಸರ್ವೊದ ಹಲ್ಲು ಉಳಿಯುವುದಿಲ್ಲ.

ವಿಡಿಯೋ ನೋಡಿದ ಮೇಲೆ ಕಾಕಾ ಪಟ್ಟು ಹಿಡಿದಿದ್ದಾರೆ, ಮುಂದಿನದು ಅವರ ಪದ್ಮಿನಿ ಆಗಬೇಕಂತೆ. ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿರುವ ಪ್ರೀಮಿಯರ್ ಪದ್ಮಿನಿ. ಖುಷಿಯಿಂದ ಒಪ್ಪಿದೆ. ಮೊದಲ ಸಲ ಫೋಟೋದ ಹಂಗಿಲ್ಲ, ಅಸಲಿ ಕಾರೇ ಕೈಗೆ ಸಿಗುತ್ತದೆ. ಹೋದ ಭಾನುವಾರ ಟೇಪ್ ಹಿಡಿದು ಹೋದೆ. "ಅಳಿ, ಆದ್ರ ಸ್ಕ್ರ್ಯಾಚ್ ಬೀಳಬಾರ್ದು" ಅಂದರು. ಪುಸ್ತಕದ ಪ್ರಕಾರ ಅದರ ವೀಲ್‌ಬೇಸ್ 2340 ಮಿ.ಮೀ. ಎಡಗಡೆ ಅಳೆದೆ, ಸರಿಯಾಗಿ 2340. ಬಲಗಡೆ 2331. ಯಾವತ್ತೋ ಎಲ್ಲೋ ಗುದ್ದಿದ್ದು, ಯಾರೋ ಎಳೆದು ಸರಿ ಮಾಡಿದ್ದು. ಕಾಕಾನನ್ನು ಕೇಳಿದರೆ ಮಾತು ಬದಲಿಸಿದರು. ಪುಸ್ತಕದ ಪದ್ಮಿನಿ ಕಟ್ಟಬೇಕೋ, ಒಂದು ಕಡೆ ಒಂಬತ್ತು ಮಿ.ಮೀ. ಕಮ್ಮಿ ಇರುವ ಕಾಕಾನ ಪದ್ಮಿನಿ ಕಟ್ಟಬೇಕೋ, ಇನ್ನೂ ತೀರ್ಮಾನ ಆಗಿಲ್ಲ.