ಮೂರು ಮಳೆಗಾಲದ ಲೆಕ್ಕ

ತೀರ್ಥಹಳ್ಳಿ ಕಡೆ ನಮ್ಮ ಭಾವನವರದ್ದೊಂದು ಹೋಮ್‌ಸ್ಟೇ ಇದೆ. ಅದರ ಜಾಲತಾಣ ನೋಡಿಕೊಳ್ಳುವವನು ನಾನು. 2024ರ ಆಷಾಢದಲ್ಲಿ ಬುಕಿಂಗ್ ಇಳಿದಾಗ ಅವರು ಕೇಳಿದರು: "ಎರಡು ವರ್ಷದ ಹಿಂದೆ ಇದೇ ಮಳೆಯಲ್ಲಿ ಗೂಗಲ್‌ನಲ್ಲಿ ನಾವು ಎಷ್ಟನೆಯವರಿದ್ದೆವು?" ಹುಡುಕಾಟದಲ್ಲಿ ತಾಣ ಎಷ್ಟನೆಯದು ಎಂದು ಅದರ ಒಡೆಯನಿಗೆ ತಿಳಿಸುವ ಗೂಗಲ್ ಸರ್ಚ್ ಕನ್ಸೋಲ್ 16 ತಿಂಗಳಿಗಿಂತ ಹಿಂದಿನದನ್ನು ತೋರಿಸುವುದಿಲ್ಲ ಎಂದೆ. ಅಡಿಕೆ ಮಂಡಿಯ ಹಳೆಯ ಚೀಟಿಗಳನ್ನು ಟ್ರಂಕಿನಲ್ಲಿ ಕಟ್ಟಿಟ್ಟಿರುವ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ತಾಣಕ್ಕೆ ಯಾರು ಬಂದರು, ಏನು ಹುಡುಕಿ ಬಂದರು ಎಂಬ ಲೆಕ್ಕ ಹಿಂದೆ ನಮ್ಮ ಮನೆಯಲ್ಲೇ ಇತ್ತು. ಬಂದವರೆಲ್ಲರ ಹೆಜ್ಜೆಯನ್ನು ತಾಣವನ್ನಿಟ್ಟ ಕಂಪ್ಯೂಟರ್, ಅಂದರೆ ಸರ್ವರ್, ತಾನೇ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ವೆಬಲೈಸರ್, ಎಡಬ್ಲ್ಯುಸ್ಟ್ಯಾಟ್ಸ್‌ನಂಥ ಮುಕ್ತ ತಂತ್ರಾಂಶಗಳು ಅದನ್ನು ಕೋಷ್ಟಕವಾಗಿಸುತ್ತಿದ್ದವು. ಯಾವ ಪದ ಹುಡುಕಿ ಬಂದರು ಎಂಬುದೂ ಅದರಲ್ಲೇ ಸಿಗುತ್ತಿತ್ತು. 2005ರ ನವೆಂಬರ್‌ನಲ್ಲಿ ಇದೇ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಪುಕ್ಕಟೆಯಾಗಿ ಬಂತು. ನಾಲ್ಕು ಸಾಲಿನ ಕೋಡ್ ಅಂಟಿಸಿದರೆ ಬಣ್ಣಬಣ್ಣದ ನಕ್ಷೆ. ನಾವೆಲ್ಲ ಸಂತೋಷದಿಂದಲೇ ಲೆಕ್ಕದ ಪುಸ್ತಕ ಒಪ್ಪಿಸಿಬಿಟ್ಟೆವು.

ಆಮೇಲಿನದು ಒಂದೊಂದೇ ಹಾಳೆ ಕಳಚಿದ ಕಥೆ. 2011ರ ಅಕ್ಟೋಬರ್‌ನಲ್ಲಿ ಲಾಗಿನ್ ಆದವರ ಹುಡುಕಾಟವನ್ನು ಗೂಗಲ್ ಗೂಢಲಿಪಿಗೆ ಹಾಕತೊಡಗಿತು. 2013ರ ಹೊತ್ತಿಗೆ ಎಲ್ಲರದ್ದನ್ನೂ. ಹುಡುಕಿದವರ ಗೋಪ್ಯತೆಗೆ ಅದು ಒಳ್ಳೆಯದೇ, ಆದರೆ ತಾಣದ ಒಡೆಯನ ಕಡತದಿಂದ ಪದಗಳು ಮಾಯವಾದವು. ಉಳಿದದ್ದು ಗೂಗಲ್‌ನದೇ ಕನ್ಸೋಲ್. ಅದರ ನೆನಪು 2018ರವರೆಗೆ ಬರೀ 90 ದಿನದ್ದಾಗಿತ್ತು. ಅನಲಿಟಿಕ್ಸ್‌ನ ಹಳೆಯ ಆವೃತ್ತಿ 2023ರ ಜುಲೈ 1ಕ್ಕೆ ನಿಂತಿತು. ಅದರ ಹಳೆಯ ಅಂಕಿಗಳ ಬಾಗಿಲು ಸರಿಯಾಗಿ ಒಂದು ವರ್ಷಕ್ಕೆ ಮುಚ್ಚಿತು. ಭಾವ ಪ್ರಶ್ನೆ ಕೇಳಿದ್ದು ಅದೇ ತಿಂಗಳು.

ಲೆಕ್ಕ ಮನೆಯಲ್ಲೇ ಇರಲಿ ಎನ್ನುವವರು ಸುಮ್ಮನೆ ಕೂತಿರಲಿಲ್ಲ. 2007ರಲ್ಲಿ ಶುರುವಾಗಿ 2018ರಲ್ಲಿ ಮಟೋಮೊ ಎಂದು ಹೆಸರು ಬದಲಿಸಿಕೊಂಡ ಪಿವಿಕ್ ಎಂಬ ತಂತ್ರಾಂಶ, ತಾಣಕ್ಕೆ ಯಾರು ಬಂದರು ಎಂದು ಹೇಳುತ್ತದೆ. ಎಷ್ಟನೆಯ ಸ್ಥಾನ ಎಂದು ದಿನವೂ ಬರೆದಿಡಲು ಸರ್ಪ್‌ಬೇರ್ ಎಂಬ ಮುಕ್ತ ತಂತ್ರಾಂಶ ಇದೆ. ತಂತ್ರಾಂಶವನ್ನು ಬೇಕಾದ್ದೆಲ್ಲ ಕಟ್ಟಿಕೊಂಡೇ ಇಳಿಸುವ ಡಾಕರ್ ಮೂಲಕ ಹತ್ತು ನಿಮಿಷದಲ್ಲಿ ಏಳುತ್ತದೆ. ಇಡೀ ಚರಿತ್ರೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯದ ಒಂದೇ ಕಡತದಲ್ಲಿ ಕೂರುತ್ತದೆ. ಸಾಗರದ ನಮ್ಮ ಮನೆಯ ಅಟ್ಟದಲ್ಲಿ, ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರಿನ ಮೇಲೆ ಅದನ್ನು ನಿಲ್ಲಿಸಿದೆ.

ಯಾವ ಪದಗಳಿಗೆ ನಮ್ಮ ಸ್ಥಾನ ನೋಡಬೇಕು ಎಂದು ಪಟ್ಟಿ ಮಾಡುವಾಗ ಮಜಾ ಇತ್ತು. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನ ಶಿಮೊಗವನ್ನೂ ಶಿವಮೊಗ್ಗ ಮಾಡಿತು; ಹುಡುಕುವವರ ಬೆರಳಿಗೆ ಗೆಜೆಟ್ ತಲುಪುವುದಿಲ್ಲವಲ್ಲ! ಆದ್ದರಿಂದ ಎರಡೂ ಕಾಗುಣಿತಕ್ಕೆ ಒಂದೊಂದು ಸಾಲು, ಕನ್ನಡ ಲಿಪಿಯದ್ದಕ್ಕೆ ಮೂರನೆಯದು. ಮೂರರಲ್ಲೂ ನಮ್ಮ ಸ್ಥಾನ ಬೇರೆ ಬೇರೆ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮೊದಲು ಹಳೆಯ ಫಾಂಟ್‌ಗಳಲ್ಲಿ ಬರೆದ ಕನ್ನಡ ಶೋಧಯಂತ್ರಕ್ಕೆ ಬರೀ ರೋಮನ್ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಈಗ ಮೂರನೆಯ ಸಾಲು ಇದೆ ಎಂಬುದೇ ನನಗೆ ಸಮಾಧಾನ.

ಆದರೆ ಪುಸ್ತಕ ನಮ್ಮದಾದರೂ ಅದರಲ್ಲಿ ಬರೆಯುವ ಅಂಕಿಗೆ ಗೂಗಲ್‌ನ ಬಾಗಿಲನ್ನೇ ತಟ್ಟಬೇಕು. ಯಂತ್ರಗಳು ಬಂದು ಕೇಳುವುದು ಅದಕ್ಕೆ ಇಷ್ಟವಿಲ್ಲ, ನಿಯಮವೂ ಒಪ್ಪುವುದಿಲ್ಲ. ಹಾಗಾಗಿ ಸರ್ಪ್‌ಬೇರ್‌ಗೆ ಬೇರೆ ವಿಳಾಸದಿಂದ ಕೇಳುವ ಪ್ರಾಕ್ಸಿಯನ್ನೋ, ಫಲಿತಾಂಶ ತಂದುಕೊಡುವ ಮಧ್ಯವರ್ತಿ ಸೇವೆಯನ್ನೋ ಜೋಡಿಸಬೇಕು. ಪುಕ್ಕಟೆ ಎಂಬ ಮಾತು ಬಹುಪಾಲು ಅಲ್ಲಿಗೆ ಮುಗಿಯುತ್ತದೆ. ಒಂದೇ ಪುಟದಲ್ಲಿ ನೂರು ಫಲಿತಾಂಶ ಕೇಳುವ ಸೌಲಭ್ಯವನ್ನೂ 2025ರ ಸೆಪ್ಟೆಂಬರ್‌ನಲ್ಲಿ ಗೂಗಲ್ ತೆಗೆಯಿತು. ಒಮ್ಮೆ ಕೇಳುತ್ತಿದ್ದುದನ್ನು ಹತ್ತು ಸಲ ಕೇಳಬೇಕಾಯಿತು. ಮೊದಲ ಎರಡು ಪುಟ ಸಾಕೆಂದು ನಾನು ಕೈಬಿಟ್ಟೆ. ಇಪ್ಪತ್ತರಾಚೆಗೆ ಇಳಿದರೆ ಯಾವ ಅತಿಥಿ ಹುಡುಕಿಕೊಂಡು ಬರುತ್ತಾನೆ?

ಇನ್ನೊಂದು ಬಾಗಿಲು ಮನೆಯದೇ. 2025ರ ಮೇ ತಿಂಗಳಲ್ಲಿ, ಕೃತ್ತಿಕಾ ಮಳೆಯ ಗುಡುಗಿಗೆ ಕರೆಂಟು ಒಂದೇ ಗಂಟೆಯಲ್ಲಿ ಏಳು ಸಲ ಹೋಗಿ ಬಂತು. ಬೆಳಿಗ್ಗೆ ಅಟ್ಟ ಹತ್ತಿದರೆ ಪೈ ಮೇಲೆ ಕೆಂಪು ದೀಪ ಮಾತ್ರ. ಮೆಮೊರಿ ಕಾರ್ಡ್ ಸತ್ತಿತ್ತು. ಪ್ರತಿ ಇಟ್ಟಿರಲಿಲ್ಲ. ಹತ್ತು ತಿಂಗಳ ಲೆಕ್ಕ ಹೋಯಿತು, ಬೈಯಲು ಗೂಗಲ್ ಕೂಡ ಸಿಗಲಿಲ್ಲ. ಈಗ ಚಿಕ್ಕದೊಂದು ಯುಪಿಎಸ್ ಇದೆ, ದಿನವೂ ರಾತ್ರಿ ಕಡತದ ಪ್ರತಿ ಮೈಸೂರಿನಲ್ಲಿರುವ ತಮ್ಮನ ಕಂಪ್ಯೂಟರಿಗೆ ಹೋಗುತ್ತದೆ.

ಸದ್ಯಕ್ಕೆ ನನ್ನಲ್ಲಿರುವುದು ಒಂದು ಪೂರ್ತಿ ಮಳೆಗಾಲ. ಭಾವನ ಪ್ರಶ್ನೆಗೆ ಉತ್ತರ ಹೇಳಲು ಇನ್ನೂ ಎರಡು ಬೇಕು.