333 ಡಾಲರ್ ಮತ್ತು ಕೂಸಿನ ಮಿದುಳು

2022ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಸುದ್ದಿ ದೊಡ್ಡದಾಗಿ ಬಂತು. ಬಡ ತಾಯಂದಿರಿಗೆ ತಿಂಗಳು ತಿಂಗಳು ಹಣ ಕೊಟ್ಟರೆ ಅವರ ಕೂಸುಗಳ ಮಿದುಳಿನ ಚಟುವಟಿಕೆ ಜಾಸ್ತಿಯಾಗುತ್ತದಂತೆ. ಮಕ್ಕಳಿರುವ ಮನೆಗಳಿಗೆ ಸರ್ಕಾರ ಹಣ ಕೊಡಬೇಕೇ ಬೇಡವೇ ಅಂತ ಅಲ್ಲಿ ಜಗಳ ನಡೆಯುತ್ತಿದ್ದ ಹೊತ್ತು ಅದು. ಸುದ್ದಿ ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆಮೇಲೆ ಮೂಲ ಪ್ರಬಂಧ ತೆಗೆದು ನೋಡಿದೆ.

'ಬೇಬೀಸ್ ಫಸ್ಟ್ ಇಯರ್ಸ್' ಅನ್ನುವ ಈ ಅಧ್ಯಯನ ಕಳಪೆಯದೇನಲ್ಲ. ಬಡ ಮಕ್ಕಳನ್ನೂ ಉಳ್ಳವರ ಮಕ್ಕಳನ್ನೂ ಸುಮ್ನೆ ಹೋಲಿಸಿದರೆ, ವ್ಯತ್ಯಾಸ ಬಂದದ್ದು ದುಡ್ಡಿನಿಂದಲೋ ಅಪ್ಪ ಅಮ್ಮನ ಓದಿನಿಂದಲೋ ಗೊತ್ತಾಗುವುದಿಲ್ಲ. ಅದಕ್ಕೇ ಇವರು ನ್ಯೂಯಾರ್ಕ್, ನ್ಯೂ ಆರ್ಲಿಯನ್ಸ್, ಒಮಾಹಾ ಮತ್ತು ಮಿನಿಯಾಪೊಲಿಸ್ ಕಡೆಯ ಆಸ್ಪತ್ರೆಗಳಲ್ಲಿ ಆಗಷ್ಟೇ ಹೆತ್ತ 1000 ಬಡ ತಾಯಂದಿರನ್ನು ಸೇರಿಸಿಕೊಂಡರು. ಚೀಟಿ ಎತ್ತಿದ ಹಾಗೆ 400 ಜನರಿಗೆ ತಿಂಗಳಿಗೆ 333 ಡಾಲರ್, ಉಳಿದ 600 ಜನರಿಗೆ 20 ಡಾಲರ್. ಹೇಗಾದರೂ ಖರ್ಚು ಮಾಡಿ, ಕೇಳುವವರಿಲ್ಲ.

ಮಗುವಿಗೆ ಒಂದು ವರ್ಷವಾದಾಗ ಮನೆಗೇ ಹೋಗಿ, ತಲೆಗೆ ಸೆನ್ಸರ್‌ಗಳ ಟೋಪಿ ಹಾಕಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆಯುವುದು ಅಂತ ತೀರ್ಮಾನವಾಗಿತ್ತು. ವರ್ಷದ ಮಗು ಟೋಪಿ ಹಾಕಿಸಿಕೊಂಡು ಸುಮ್ಮನೆ ಕೂರುತ್ತದೆಯೇ? ಅತ್ತರೂ ಒದ್ದಾಡಿದರೂ ದಾಖಲೆ ಕೆಡುತ್ತದೆ. ಅದರ ಮೇಲೆ 2020ರಲ್ಲಿ ಕೋವಿಡ್ ಬಂದು ಮನೆ ಭೇಟಿಯೇ ನಿಂತಿತು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 435 ಮಕ್ಕಳು. 333 ಡಾಲರ್ ಗುಂಪಿನಿಂದ 184, ಇನ್ನೊಂದರಿಂದ 251. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಚಿತ್ರದಲ್ಲೇ ಇಲ್ಲ.

ಇನ್ನೊಂದು ತೊಡಕು. ಮಿದುಳಿನ ಅಲೆಗಳಲ್ಲಿ ಆಲ್ಫಾ, ಬೀಟಾ, ಗಾಮಾ ಅಂತ ಹಲವು ಬಗೆ. ಪ್ರತಿಯೊಂದನ್ನೂ ಬೇರೆ ಬೇರೆ ಪರೀಕ್ಷಿಸಿದರು. ಮಾವಿನ ಮರಕ್ಕೆ ಹತ್ತು ಕಲ್ಲು ಬೀರಿದರೆ ಒಂದು ಕಾಯಿ ಬಿದ್ದೇ ಬೀಳುತ್ತದೆ. ಅಷ್ಟಕ್ಕೇ ಕಲ್ಲು ಬೀರಿದವನನ್ನು ಗುರಿಕಾರ ಅನ್ನೋಕಾಗಲ್ಲ ಅಲ್ವಾ? ಎಷ್ಟು ಕಲ್ಲು ಬೀರಿದ್ದು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದಾಗ, ಮೊದಲೇ ಹೇಳಿಟ್ಟಿದ್ದ ಮುಖ್ಯ ಹೋಲಿಕೆಗಳು 'ಇದು ಬರೀ ಆಕಸ್ಮಿಕವಲ್ಲ' ಅನ್ನಲು ಬೇಕಾದ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಇದನ್ನು ಪ್ರಬಂಧದೊಳಗೆ ಅವರೇ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ಆದರೆ ಹೆಡ್‌ಲೈನ್ ಬರೆಯುವವರು ಅಲ್ಲಿಯವರೆಗೆ ಓದುವುದು ಕಮ್ಮಿ.

ವ್ಯತ್ಯಾಸವನ್ನು ನಿಜ ಅಂತಲೇ ಇಟ್ಟುಕೊಳ್ಳೋಣ. ಅದು ಎಷ್ಟು ದೊಡ್ಡದು? ಸುಮಾರು 0.2 ಸ್ಟ್ಯಾಂಡರ್ಡ್ ಡೀವಿಯೇಷನ್. ಹೀಗಂದರೆ ಏನೂ ತಿಳಿಯುವುದಿಲ್ಲ, ಬಿಡಿ. ಎರಡೂ ಗುಂಪಿನಿಂದ ಕಣ್ಣು ಮುಚ್ಚಿ ಒಂದೊಂದು ಮಗುವನ್ನು ಆರಿಸಿ. ಹೀಗೆ 100 ಸಲ ಮಾಡಿದರೆ, ಜಾಸ್ತಿ ಹಣದ ಮನೆಯ ಮಗು ಮಿದುಳಿನ ಚಟುವಟಿಕೆಯಲ್ಲಿ ಮುಂದಿರುವುದು ಸುಮಾರು 56 ಸಲ. ಹಣದಿಂದ ಏನೂ ಆಗದಿದ್ದರೂ 50 ಸಲ ಹೇಗೂ ಮುಂದಿರುತ್ತಿತ್ತು.

ಸಂಶೋಧಕರು ಅಲ್ಲಿಗೇ ಬಿಡಲಿಲ್ಲ. ಹಣ ಕೊಡುತ್ತಾ ಹೋದರು, ಮಕ್ಕಳಿಗೆ ನಾಲ್ಕು ವರ್ಷವಾದಾಗ ಮತ್ತೆ ಅಳೆದರು. 2025ರಲ್ಲಿ ಬಂದ ಫಲಿತಾಂಶದಲ್ಲಿ ಮಾತು, ನಡವಳಿಕೆ, ಮಿದುಳಿನ ಅಲೆ, ಯಾವುದರಲ್ಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಹಣ ಪೋಲಾಯಿತು ಅಂತಲೂ ಅಲ್ಲ. 333 ಡಾಲರ್ ಪಡೆದ ತಾಯಂದಿರು ಮಕ್ಕಳಿಗಾಗಿ ಹೆಚ್ಚು ಖರ್ಚು ಮಾಡಿದ್ದರು. ಹೆಂಡ, ಸಿಗರೇಟಿನ ಖರ್ಚೇನೂ ಏರಿರಲಿಲ್ಲ.