ಶಟರ್ ಟಿವಿಯಲ್ಲಿ ಕೆಂಪು ಪಾದರಸವಿಲ್ಲ, ಇರುವುದು ಎಲೆಕ್ಟ್ರಾನ್ ಬಂದೂಕು

ಮರದ ಶಟರ್ ಎಳೆದು ಮುಚ್ಚುವ ಹಳೇ ಕಪ್ಪು-ಬಿಳುಪು ಟಿವಿ ಮನೆಯಲ್ಲಿದ್ದರೆ ಲಕ್ಷಾಧಿಪತಿ ಆಗಬಹುದಂತೆ! ಅದರೊಳಗೆ ‘ಕೆಂಪು ಪಾದರಸ’ ಇರುತ್ತದಂತೆ, ಬೆಳ್ಳುಳ್ಳಿ ಹತ್ತಿರ ಹಿಡಿದರೆ ದೂರ ಸರಿಯುತ್ತದಂತೆ, ಕನ್ನಡಿಯಲ್ಲಿ ಅದರ ಬಿಂಬ ಬೀಳುವುದಿಲ್ಲವಂತೆ. ಈ ಅಂತೆಕಂತೆಯ ವಿಡಿಯೊಗಳು ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿವೆ. ಇದನ್ನು ನಂಬಿ ಅಟ್ಟದ ಮೇಲಿದ್ದ ಒಳ್ಳೆಯ ಸೆಟ್ಟನ್ನು ಸುತ್ತಿಗೆಯಿಂದ ಒಡೆದವರು ಮಂಡ್ಯದ ಕಡೆ ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಆ ಗಾಜಿನ ಚೂರುಗಳನ್ನು ನೋಡಿ ನನಗಾದ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಪಾದರಸ ಬೆಳ್ಳಿಯ ಹೊಳಪಿನ ದ್ರವ. ಅದು ಗಂಧಕದ ಜೊತೆ ಸೇರಿದಾಗ ಕೆಂಪಗಿನ ಇಂಗಳೀಕ ಆಗುತ್ತದೆ, ಅದು ಬೇರೆ ಮಾತು. ಲಕ್ಷಾಂತರ ರೂಪಾಯಿ ಬಾಳುವ ‘ಕೆಂಪು ಪಾದರಸ’ ಎಂಬ ವಸ್ತು ಮಾತ್ರ ಯಾವ ಪ್ರಯೋಗಾಲಯದಲ್ಲೂ ಇಲ್ಲ. 2009ರಲ್ಲಿ ಸೌದಿ ಅರೇಬಿಯದಲ್ಲಿ ಇದೇ ಕಥೆ ಹಳೆಯ ಸಿಂಗರ್ ಹೊಲಿಗೆ ಯಂತ್ರಗಳಿಗೆ ಅಂಟಿಕೊಂಡು, ಜನ ಮುಗಿಬಿದ್ದು ಕೊಂಡಿದ್ದರು. ಇನ್ನು ಕನ್ನಡಿಯ ವಿಷಯ. ಕಣ್ಣಿಗೆ ಕಾಣುವ ವಸ್ತುವಿನಿಂದ ಬೆಳಕು ಹೊರಟೇ ಇರುತ್ತದೆ. ಕಣ್ಣಿಗೆ ಬಂದ ಬೆಳಕು ಕನ್ನಡಿಗೂ ಬಿದ್ದೇ ಬೀಳುತ್ತದೆ. ಬೆಳ್ಳುಳ್ಳಿ ಸಾರಿಗೆ ಒಳ್ಳೆಯದು, ಲೋಹವನ್ನು ಓಡಿಸುವ ಬಲ ಅದಕ್ಕಿಲ್ಲ.

ಆದರೆ ಟ್ಯೂಬಿನೊಳಗೆ ಫಳಫಳ ಹೊಳೆಯುವುದನ್ನು ಕಂಡೆವು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗುಜರಿಯಲ್ಲಿ ನನಗೆ ಸಿಕ್ಕ 20 ಇಂಚಿನ ಸೆಟ್ಟಿನ ಹಿಂಬದಿ ತೆಗೆದಾಗ ನಾನೂ ಮೊದಲು ನೋಡಿದ್ದು ಅದನ್ನೇ. ಒಳಗೆಲ್ಲ ಬೂದಿಯಂಥ ಧೂಳು, ಜಿರಲೆ ಮೊಟ್ಟೆ. ಪಿಕ್ಚರ್ ಟ್ಯೂಬಿನ ಮೇಲೆ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಚೀಟಿ, ಅರ್ಧ ಹರಿದದ್ದು. ಧೂಳು ಒರೆಸಿದರೆ ಟ್ಯೂಬಿನ ಸಪೂರ ಕತ್ತಿನ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುವ ಮಚ್ಚೆ. ಅದು ಬೇರಿಯಂ. ಟ್ಯೂಬಿನ ಗಾಳಿಯನ್ನೆಲ್ಲ ಹೀರಿ ಮುಚ್ಚಿದ ಮೇಲೆ, ಉಳಿದ ಚೂರುಪಾರು ಅನಿಲವನ್ನು ನುಂಗಲೆಂದೇ ಬೇರಿಯಂ ಅನ್ನು ಒಳಗೆ ಕಾಯಿಸಿ ಆವಿ ಮಾಡುತ್ತಾರೆ, ಅದು ಗಾಜಿಗೆ ಬಲು ತೆಳ್ಳಗಿನ ಪದರವಾಗಿ ಹತ್ತುತ್ತದೆ. ಕೆರೆದು ಮಾರಿದರೆ ಹತ್ತು ಪೈಸೆಯೂ ಹುಟ್ಟದು. ಆದರೆ ಹಳೇ ಸೆಟ್ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಮಚ್ಚೆ ಹೊಳೆಯುತ್ತಿದ್ದರೆ ನಿರ್ವಾತ ಉಳಿದಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ನುಗ್ಗಿದೆ, ಟ್ಯೂಬ್ ಹೋಯಿತು.

ಆ ಕತ್ತಿನಲ್ಲೇ ಎಲೆಕ್ಟ್ರಾನ್ ಬಂದೂಕು ಇರುವುದು. ಕಾದ ಕ್ಯಾಥೋಡಿನಿಂದ (ಋಣ ವಿದ್ಯುತ್ತಿನ ತುದಿಯಿಂದ) ಹೊರಟ ಎಲೆಕ್ಟ್ರಾನುಗಳನ್ನು ಸುಮಾರು 15 ಸಾವಿರ ವೋಲ್ಟ್ ಸೆಳೆಯುತ್ತದೆ. ಪರದೆ ಮುಟ್ಟುವ ಹೊತ್ತಿಗೆ ಅವುಗಳ ವೇಗ ಸೆಕೆಂಡಿಗೆ 70 ಸಾವಿರ ಕಿಲೋಮೀಟರಿನ ಆಸುಪಾಸು, ಅಂದರೆ ಬೆಳಕಿನ ವೇಗದ ಕಾಲು ಭಾಗದ ಹತ್ತಿರ. ಭಾನುವಾರ ಬೆಳಿಗ್ಗೆ ಬೀದಿಯವರೆಲ್ಲ ಸೇರಿ ರಾಮಾಯಣ ನೋಡುತ್ತಿದ್ದ ನಡುಮನೆಯಲ್ಲಿ ಒಂದು ಕಣ ವೇಗವರ್ಧಕ ಕೂತಿತ್ತು!

ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. 15 ಸಾವಿರ ಎಲ್ಲಿಂದ ಬಂತು? ಇಡೀ ಸೆಟ್ಟಿನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ಎಲೆಕ್ಟ್ರಾನುಗಳ ಕಿರಣ ಪರದೆಯ ಮೇಲೆ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತದೆ. ನಮ್ಮ ಪ್ರಸಾರದ ಚಿತ್ರದಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ, ಹಾಗಾಗಿ ಸೆಕೆಂಡಿಗೆ 15,625 ಗೆರೆ. ಪ್ರತಿ ಗೆರೆಗೂ, ಟ್ಯೂಬಿನ ಕತ್ತಿಗೆ ತೊಡಿಸಿದ ‘ಯೋಕ್’ ಎಂಬ ತಂತಿ ಸುರುಳಿಯ ವಿದ್ಯುತ್ ನಿಧಾನಕ್ಕೆ ಏರುತ್ತಾ ಕಿರಣವನ್ನು ಎಡದಿಂದ ಬಲಕ್ಕೆ ಒಯ್ಯಬೇಕು, ಆಮೇಲೆ ಹನ್ನೆರಡು ಮೈಕ್ರೋಸೆಕೆಂಡ್ ಒಳಗೆ ಎಡಕ್ಕೆ ವಾಪಸ್ಸು ಎಸೆಯಬೇಕು. ಎಸೆಯುವುದಕ್ಕೆ ಟ್ರಾನ್ಸಿಸ್ಟರು ವಿದ್ಯುತ್ತನ್ನು ತಟಕ್ಕನೆ ಕಡಿಯುತ್ತದೆ. ಗದ್ದೆಗೆ ನೀರು ಹಾಯಿಸುವಾಗ ಪಂಪ್‌ಸೆಟ್ಟಿನ ವಾಲ್ವನ್ನು ಒಮ್ಮೆಗೇ ಮುಚ್ಚಿದರೆ ಪೈಪು ದಡ್ ಎಂದು ಅದುರುತ್ತದಲ್ಲ, ಸುರುಳಿಯಲ್ಲಿ ಆಗುವುದೂ ಅದೇ. ಹರಿಯುತ್ತಿದ್ದ ವಿದ್ಯುತ್ತಿಗೆ ನಿಲ್ಲಲು ಮನಸ್ಸಿಲ್ಲ. ಕಾಂತಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿ ನೂರಾರು ವೋಲ್ಟಿನ ಹೊಡೆತವಾಗಿ ಎದ್ದು ಬರುತ್ತದೆ. ಆ ಹೊಡೆತವನ್ನು ಸಾವಿರಾರು ಸುತ್ತಿನ ಇನ್ನೊಂದು ಸುರುಳಿಗೆ ದಾಟಿಸಿ ಹಿಗ್ಗಿಸಿದರೆ ಸಿಕ್ಕಿತು 15 ಸಾವಿರ. ಮೆಕ್ಯಾನಿಕ್‌ಗಳು ‘ಇಎಚ್‌ಟಿ’ (ಎಕ್ಸ್‌ಟ್ರಾ ಹೈ ಟೆನ್ಷನ್, ಅಂದರೆ ಅತಿ ಹೆಚ್ಚು ವೋಲ್ಟೇಜ್) ಎನ್ನುವ ಕಪ್ಪು ಗುಂಡು ಇದೇ. ಕಿರಣ ಹಿಂತಿರುಗುವಾಗ ದಂಡವಾಗಬೇಕಿದ್ದ ಶಕ್ತಿಯಿಂದಲೇ ಕಿರಣಕ್ಕೆ ಬಲ ತುಂಬಿದ ಎಂಜಿನಿಯರುಗಳಿಗೆ ಎಷ್ಟು ಕೈ ಮುಗಿದರೂ ಸಾಲದು. ಟಿವಿ ಹಾಕಿದೊಡನೆ ಕೇಳುವ ‘ಕುಂಯ್’ ಎಂಬ ಸಣ್ಣ ಸದ್ದೂ ಈ 15,625 ಹರ್ಟ್ಸ್‌ನದೇ. ಮಕ್ಕಳಿಗೆ ಕೇಳುತ್ತದೆ, ವಯಸ್ಸಾದವರ ಕಿವಿಗೆ ಸಿಗುವುದಿಲ್ಲ.

ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಈ ಬಗೆಯ ಕೊಳವೆ ಮಾಡಿದ್ದು 1897ರಲ್ಲಿ. ಎಲೆಕ್ಟ್ರಾನನ್ನು ಜೆ.ಜೆ. ಥಾಮ್ಸನ್ ಗುರುತಿಸಿದ್ದೂ ಅದೇ ವರ್ಷ. ಮೈಸೂರಿಗೆ ಪ್ರಸಾರವೆಂದರೆ ಹೊಸದಲ್ಲ. 1935ರಲ್ಲೇ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಬಾನುಲಿ ಶುರು ಮಾಡಿದ್ದರು. ದೆಹಲಿಯಲ್ಲಿ 1959ಕ್ಕೇ ಬಂದ ಟಿವಿ, ಬೆಂಗಳೂರು ದೂರದರ್ಶನ ಕೇಂದ್ರದ ರೂಪದಲ್ಲಿ ನಮ್ಮತ್ತ ಬರಲು 1981 ಆಗಬೇಕಾಯಿತು.

ದೂರದರ್ಶನದ ಅನಲಾಗ್ ಟವರುಗಳು ಬಹುತೇಕ ಬಂದ್ ಆಗಿರುವುದರಿಂದ, ಆಂಟೆನಾ ಸಿಕ್ಕಿಸಿದರೆ ಈಗ ಬರುವುದು ಬರೀ ಗ್ರೇನ್ಸ್. ಅದನ್ನೂ ಸುಮ್ಮನೆ ಕಸವೆನ್ನಬೇಡಿ. ಆ ಚುಕ್ಕೆಗಳಲ್ಲಿ ನೂರಕ್ಕೆ ಒಂದರಷ್ಟು ಪಾಲು, ವಿಶ್ವ ಹುಟ್ಟಿದ ಹೊಸತರಲ್ಲಿ ಹೊರಟು 1,380 ಕೋಟಿ ವರ್ಷ ಸಾಗಿ ಬಂದ ವಿಕಿರಣದ್ದು. ಅಮೆರಿಕದ ವಿಜ್ಞಾನಿಗಳಾದ ಪೆನ್ಜಿಯಾಸ್ ಮತ್ತು ವಿಲ್ಸನ್ ಅವರಿಗೆ 1978ರ ನೊಬೆಲ್ ತಂದುಕೊಟ್ಟದ್ದು ಇದೇ ವಿಕಿರಣ. ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಇಂಥದ್ದೊಂದು ಸೆಟ್ ಇಟ್ಟರೆ ಪಾಠ ಎಷ್ಟು ಸಲೀಸು! ಚಿತ್ರವೇ ಬೇಕೆಂದರೆ ಸೆಟ್-ಟಾಪ್ ಬಾಕ್ಸಿನ ಹಳದಿ ಎವಿ ಪಿನ್ನಿಗೆ ಆರ್‌ಎಫ್ ಮಾಡ್ಯುಲೇಟರ್ (ಚಿತ್ರವನ್ನು ಆಂಟೆನಾ ಸಂಕೇತವಾಗಿ ಬದಲಿಸುವ ಪುಟ್ಟ ಡಬ್ಬಿ) ಜೋಡಿಸಿ, ಅದರ ವಯರನ್ನು ಆಂಟೆನಾ ಜಾಗಕ್ಕೆ ಕೊಟ್ಟು ಟ್ಯೂನ್ ಮಾಡಿದರಾಯಿತು. ಸೆಟ್ಟಿನಲ್ಲಿ ಚಪ್ಪಟೆ ವಯರಿನ ತಿರುಪುಗಳಷ್ಟೇ ಇದ್ದರೆ ನಡುವೆ ಒಂದು ‘ಬ್ಯಾಲನ್’ (ದುಂಡು ಕೇಬಲ್ಲನ್ನು ಚಪ್ಪಟೆ ವಯರಿಗೆ ಹೊಂದಿಸುವ ಪುಟ್ಟ ಸಾಧನ) ಬೇಕು. ಆಮೇಲೆ ಪರದೆಯ ಮುಂದೆ ಅಯಸ್ಕಾಂತ ಹಿಡಿದರೆ ವಾರ್ತೆ ಓದುವವರ ಮುಖ ಸೊಟ್ಟಗಾಗುತ್ತದೆ. ಕಾಂತಕ್ಷೇತ್ರ ಎಲೆಕ್ಟ್ರಾನನ್ನು ಬಾಗಿಸುವುದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ. ಕಲರ್ ಟಿವಿಯಲ್ಲಿ ಮಾತ್ರ ಈ ಆಟ ಬೇಡ, ಒಳಗಿನ ಲೋಹದ ಜಾಲರಿ ಕಾಂತವಾಗಿ ಬಣ್ಣ ಕೆಡುತ್ತದೆ.

ಬೋರ್ಡಿನ ಕೆಲಸಕ್ಕೆ ಹಳೇ ಮೆಕ್ಯಾನಿಕ್ ಒಬ್ಬರನ್ನು ಹಿಡಿಯಿರಿ, ನೀವೇ ಕೈಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನ ಗಾಜು ವಿದ್ಯುತ್ ಕೂಡಿಡುವ ಕೆಪಾಸಿಟರಾಗಿ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ. 20 ಇಂಚಿನ ಪರದೆಯ ಮೇಲೆ ಹೊರಗಿನ ಗಾಳಿ ಒತ್ತುತ್ತಿರುವುದು ಒಂದು ಟನ್ನಿಗೂ ಹೆಚ್ಚು ಭಾರ. ಸುತ್ತಿಗೆ ಬಿದ್ದರೆ ಗಾಜು ಒಳಕ್ಕೆ ಕುಸಿದು ಹೊರಕ್ಕೆ ಸಿಡಿಯುತ್ತದೆ. ಕತ್ತಿನ ಗಾಜಿನಲ್ಲಿ ಸೀಸವಿದೆ, ಪರದೆಯ ಒಳಬದಿಗೆ ಬಳಿದ, ಎಲೆಕ್ಟ್ರಾನ್ ತಾಗಿದರೆ ಬೆಳಗುವ ಪುಡಿಯಲ್ಲಿ ಕ್ಯಾಡ್ಮಿಯಂ ಇರಬಹುದು. ಬೇರಿಯಂ ಮಚ್ಚೆ ಬೆಳ್ಳಗಾದ ಟ್ಯೂಬನ್ನು ಇಡಿಯಾಗಿಯೇ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಉಳಿದ ಮರದ ಪೆಟ್ಟಿಗೆಯಲ್ಲಿ ಪುಸ್ತಕ ಜೋಡಿಸಬಹುದು. ಶಟರ್ ಇರುವುದರಿಂದ ಧೂಳೂ ಕೂರುವುದಿಲ್ಲ.